ನಿಜದ ವರ ಬಂದರೆ ನಿಲ್ಲುತ್ತಿದ್ದ ಮಷೀನು

ಹೋದ ವಾರ ಮೊಬೈಲಿಗೆ ಹೊಸ ಗಾಜು ಹಾಕಿಸಲು ಪುಣೆಯ ಸ್ವಾರಗೇಟಿನ ಹಿಂದಿನ ಗಲ್ಲಿಗೆ ಹೋಗಿದ್ದೆ. ನನ್ನ ಮೊಬೈಲು ಆಗಾಗ ಕೈಜಾರಿ ಬೀಳುತ್ತದೆ. "ಅಜ್ಜಿ, ನೀ ಬೇಕಂತs ಬೀಳಸ್ತಿ" ಎಂದು ಮೊಮ್ಮಗಳ ತಕರಾರು. ಹಾಗೇನಿಲ್ಲ. ಒಂದು ಬೆರಳಿನಲ್ಲಿ ಕನ್ನಡ ಟೈಪ್ ಮಾಡಲು ಕಲಿತ ಮೇಲೆ ಅದನ್ನು ಕೆಳಗಿಡುವುದೇ ಇಲ್ಲ, ಬೀಳದೆ ಏನು ಮಾಡೀತು? ಅಂಗಡಿಯವನು ಗಾಜು ಅಂಟಿಸುವವರೆಗೆ ಸ್ಟೂಲಿನ ಮೇಲೆ ಕೂತಿದ್ದೆ. ಹೊರಗೆ ಜಿಟಿಜಿಟಿ ಮಳೆ. ಬಾಗಿಲ ಬಳಿ ಒದ್ದೆ ಛತ್ರಿಗಳು, ಗಣಪತಿ ಫೋಟೊದ ಮುಂದೆ ಊದಿನಕಡ್ಡಿ, ಮೇಜಿನ ಮೇಲೆ ಕಾದು ಗುಂಯ್‌ಗುಡುತ್ತಿದ್ದ ಹಳೆಯದೊಂದು ಕಂಪ್ಯೂಟರು. ಒದ್ದೆ ಬಟ್ಟೆ, ಊದಿನಕಡ್ಡಿ, ಕಾದ ಧೂಳು, ಮೂರೂ ಕೂಡಿದ ವಾಸನೆ ಮೂಗಿಗೆ ತಾಗಿದ್ದೇ ನಾನು ಎದ್ದು ರಸ್ತೆಗಿಳಿದು ಕಟ್ಟಡದ ತಲೆ ನೋಡಿದೆ. ಹೌದು, ಅದೇ ಕಟ್ಟಡ. ಮೇಲಿನ ಮಹಡಿಯ ಕಿಟಕಿಗೆ ಈಗ ಯಾವುದೋ ಕ್ಲಾಸಿನ ಬೋರ್ಡು ಬಡಿದಿದ್ದಾರೆ. 2002ರ ಮಳೆಗಾಲವಿಡೀ ನಾನು ಆ ಕಿಟಕಿಯ ಒಳಗೆ ಕೂತು ಊರ ಮಂದಿಯ ಮಕ್ಕಳ ಎತ್ತರ, ಬಣ್ಣ, ನಕ್ಷತ್ರ ಓದಿ ಹೇಳುತ್ತಿದ್ದೆ.

ಅಲ್ಲಿ ಪುಣೆಯ ಕನ್ನಡದವರ ವಧು-ವರ ಸೂಚಕ ಕೇಂದ್ರವಿತ್ತು. ಹೆಸರು ದೊಡ್ಡದು, ಇದ್ದದ್ದು ಒಂದು ಕೋಣೆ, ಎರಡು ಗೋಡ್ರೆಜ್ ಕಪಾಟು, ಒಂದು ಸೋರುವ ಮೂಲೆ. ಪ್ರತಿ ವರ್ಷ ಶ್ರಾವಣದ ಕೊನೆಯ ರವಿವಾರ ವಧು-ವರರನ್ನು ಒಂದೆಡೆ ಸೇರಿಸುವ ಮೇಳಾವ ನಡೆಯುತ್ತಿತ್ತು. ಶ್ರಾವಣದಲ್ಲಿ ಹುಡುಗ-ಹುಡುಗಿ ನೋಡಿಕೊಂಡರೆ ಮಾತುಕತೆ, ಮುನಿಸು, ರಾಜಿ ಎಲ್ಲ ಮುಗಿದು ತುಳಸಿ ಲಗ್ನದ ಹೊತ್ತಿಗೆ ಮುಹೂರ್ತ ಹಿಡಿಯಬಹುದು ಎಂಬ ಲೆಕ್ಕ. ಆ ದಿನ ಎಲ್ಲರ ಕೈಗೂ ಒಂದು ಪುಸ್ತಕ ಕೊಡಬೇಕು. ಅದರಲ್ಲಿ ಒಬ್ಬೊಬ್ಬರ ಫೋಟೊ, ಪಕ್ಕದಲ್ಲಿ ಮಾಹಿತಿ. ಅಲ್ಲಿಯವರೆಗೆ ಅದೆಲ್ಲ ಕೈಬರಹದಲ್ಲೇ ಪ್ರೆಸ್ಸಿಗೆ ಹೋಗುತ್ತಿತ್ತು. ಒಬ್ಬನ ಫೋಟೊಕ್ಕೆ ಇನ್ನೊಬ್ಬನ ಪಗಾರ ಅಂಟಿ ಬಂದು ಜಗಳವಾಗುತ್ತಿತ್ತು. ಆ ವರ್ಷ ಕೆಳಗಿನ ಹೋಟೆಲಿನ ಶೆಟ್ಟರು ತಮ್ಮ ಹಳೆಯ ಕಂಪ್ಯೂಟರನ್ನು ಕೇಂದ್ರಕ್ಕೆ ಕೊಟ್ಟರು. ಪ್ರೆಸ್ಸಿನವನೂ ಹೇಳಿ ಕಳಿಸಿದ, ಒಬ್ಬೊಬ್ಬರದು ಒಂದೊಂದು ಫೈಲು ಮಾಡಿ ಕೊಡಿ, ಫೋಟೊದ ಪಕ್ಕ ಕೂರಿಸುವುದು ನನ್ನ ಜವಾಬ್ದಾರಿ ಎಂದು.

ಫೈಲು ಮಾಡಲು ಬಂದವಳು ವಿಜಯಾ. ಗದಗಿನ ಹುಡುಗಿ, ಮೂವತ್ತರ ಒಳಗೆ. ಮದುವೆಯಾಗಿ, ಕೋರ್ಟಿನಲ್ಲಿ ಗಂಡನಿಂದ ಸೋಡಚೀಟಿಯೂ ಆಗಿ, ಹಡಪಸರದ ಒಂದು ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತು, ಯೆರವಡಾದಲ್ಲಿ ಇನ್ನೊಬ್ಬ ಹುಡುಗಿಯ ಜೊತೆ ಖೋಲಿ ಹಿಡಿದಿದ್ದಳು. ನಮ್ಮ ಸೆಕ್ರೆಟರಿ ರಾಘಣ್ಣ ಅವಳಿಗೆ ಸ್ಪಷ್ಟವಾಗಿ ಹೇಳಿದ್ದರು: ಪುಸ್ತಕ ಸರಿಯಾಗಿ ಹೊರಬಿದ್ದರೆ ಕೇಂದ್ರದಲ್ಲಿ ಕಾಯಂ ಕೆಲಸ. ಇಲ್ಲದಿದ್ದರೆ ಇಲ್ಲ. ಕೆಲಸವಿಲ್ಲದೆ ಆ ಖೋಲಿ ಉಳಿಯುತ್ತಿರಲಿಲ್ಲ.

ಅವಳ ಜೊತೆ ನಾವಿಬ್ಬರು ಬಿಟ್ಟಿ ಸೇವೆಯವರು, ನಾನು ಮತ್ತು ಕುಸುಮಾಬಾಯಿ. ಕುಸುಮಾಬಾಯಿ ಕಮಿಟಿ ಮೆಂಬರು. ನನಗಿಂತ ವಯಸ್ಸಿನಲ್ಲಿ ಸಣ್ಣವರು, ದನಿಯಲ್ಲಿ ದೊಡ್ಡವರು. ನಾನು ಫಾರ್ಮು ಓದಿ ಹೇಳುವುದು, ಅವರು ಒಂದೇ ಬೆರಳಿನಿಂದ ಎಕ್ಸೆಲ್ ಹಾಳೆಯಲ್ಲಿ ಹೊಡೆಯುವುದು. ಒಬ್ಬರಿಗೆ ಒಂದು ಹಾಳೆ. ವಿಜಯಾ ಬರೆದ ಮ್ಯಾಕ್ರೊ ಎಂಬುದು, ನನಗೆ ತಿಳಿದ ಮಟ್ಟಿಗೆ, ಕಣ್ಣಿಗೆ ಕಾಣದ ಒಬ್ಬ ಗುಮಾಸ್ತ. ಗುಂಡಿ ಒತ್ತಿದರೆ ಅವನು ಪ್ರತಿ ಹಾಳೆ ತೆರೆದು, ಮೇಲಿನ ಹೆಸರು ಓದಿ, ಅದೇ ಹೆಸರಿನಲ್ಲಿ ಒಂದು ಫೈಲು ಬರೆದಿಟ್ಟು ಮುಂದಿನ ಹಾಳೆಗೆ ಹೋಗಬೇಕು. ಪಗಾರ ಬೇಡ, ಚಹಾ ಬೇಡ.

"ಆಷಾಢ ಬಾಗಲಕ್ಕ ಬಂದಾಗ ಶುರು ಮಾಡೀವಿ, ಅದೂ ಇಂಥಾಕಿ ಕೈಲೆ. ಲಗ್ನದ ಕೆಲಸ ಅದ ಇದು" ಎಂದು ಕುಸುಮಾಬಾಯಿ ಮೊದಲ ದಿನವೇ ನನ್ನ ಕಿವಿಯಲ್ಲಿ ಹೇಳಿದರು. ಅವರ ಪಿಸುಮಾತು ಕೆಳಗೆ ಶೆಟ್ಟರ ಗಲ್ಲಾಪೆಟ್ಟಿಗೆಯವರೆಗೆ ಕೇಳುತ್ತದೆ. ವಿಜಯಾ ಕೀಬೋರ್ಡು ಒರೆಸುತ್ತಿದ್ದಳು, ಒರೆಸುತ್ತಲೇ ಇದ್ದಳು. ಅವಳು ತಂದುಕೊಟ್ಟ ಚಹಾದ ಕಪ್ಪನ್ನೂ ಕುಸುಮಾಬಾಯಿ ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. "ಅಲ್ಲೆ ಇಡ್ರಿ" ಎನ್ನುತ್ತಿದ್ದರು.

ಮೊದಲ ಸಲ ಗುಂಡಿ ಒತ್ತಿದ್ದು ಪಂಢರಪುರಕ್ಕೆ ಹೊರಟ ವಾರಕರಿಗಳ ಪಾಲಖಿ ಹಡಪಸರ ದಾಟುತ್ತಿದ್ದ ದಿನ. ರಸ್ತೆಯೆಲ್ಲ ಬಂದ್. ವಿಜಯಾ ಕ್ಲಾಸಿನಿಂದ ಫ್ಲಾಪಿ ತರಲು ಹೋದವಳು ಅರ್ಧ ದಾರಿ ನಡೆದೇ ಬಂದಳು, ಸೀರೆಯ ಅಂಚೆಲ್ಲ ಕೆಸರು. ಒತ್ತಿದಳು. ಪರದೆಯ ಮೇಲೆ ಒಂದು ಡಬ್ಬಿ ಹಾರಿ ಬಂತು: ದಾರಿ ಸಿಗಲಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

"ಪಾಲಖಿ ಅದಕ್ಕೂ ಅಡ್ಡ ಬಂತೇನವಾ?" ಎಂದೆ.

ಅವಳು ನಕ್ಕಳು. "ಇಲ್ರಿ ಕಾಕು. ಕ್ಲಾಸಿನ ಮಷೀನಿನಾಗ ಡಿ ಅಂತ ಒಂದು ಡ್ರೈವ್ ಅದ. ಅಲ್ಲೆ ಫೈಲ್ ಇಡು ಅಂತ ಬರದಿದ್ದೆ. ಈ ಮಷೀನಿಗೆ ಡಿ ಇಲ್ಲೇ ಇಲ್ಲ."

"ಇಲ್ಲದ ಮನಿಗೆ ಪತ್ರ ಹಾಕಿದಂಗ ಆತು."

"ಹಾಂ ರೀ, ಹಂಗs."

ಅದನ್ನು ತಿದ್ದಿದಳು. ಮಾರನೇ ದಿನ ಮತ್ತೆ ಡಬ್ಬಿ, ಈ ಸಲ ಅನುಮತಿ ಇಲ್ಲವಂತೆ. ಅದರ ಮೂಲ ನಮ್ಮ ಸೆಕ್ರೆಟರಿ. ನಮೂನೆಗೆಂದು ತಯಾರಾಗಿದ್ದ ಒಂದು ಫೈಲನ್ನು ಕೌತುಕದಿಂದ ತೆರೆದು ನೋಡಿ, ಮುಚ್ಚದೆ, ಪರದೆಯ ಕೆಳಗೆ ಇಳಿಸಿ ಊಟಕ್ಕೆ ಹೋಗಿದ್ದರು. ಒಬ್ಬರು ತೆರೆದಿಟ್ಟುಕೊಂಡಿದ್ದರೆ ಅದರ ಮೇಲೆ ಬರೆಯಲು ಮಷೀನು ಬಿಡುವುದಿಲ್ಲವಂತೆ. ನನಗೆ ಆಶ್ಚರ್ಯವಾಗಲಿಲ್ಲ. ರಾಘಣ್ಣ ಪೇಪರು ಹಿಡಿದು ಕೂತರೆ ಅವರ ಹೆಂಡತಿಗೂ ಅದು ಸಂಜೆಯವರೆಗೆ ಸಿಗುವುದಿಲ್ಲ.

ಅದೂ ಸರಿಯಾಯಿತು. ಪರೀಕ್ಷೆಗೆ ಸುಳ್ಳು ಹೆಸರು ಬೇಕೆಂದು ವಿಜಯಾ ಕೇಳಿದಾಗ ನಾನು ನಮ್ಮವರ ಶಾಲೆಯ ಸರ್ಟಿಫಿಕೇಟಿನ ಹೆಸರನ್ನೇ ಕೊಟ್ಟೆ, ವೆಂಕಟರಮಣ ಎಂದು. ಊರಿಗೆಲ್ಲ ಅವರು ಬಾಳಣ್ಣ. ಆ ಹೆಸರು ಅವರಿಗೇ ಮರೆತಿತ್ತು. ಇನ್ನೂ ಕೆಲವು ಸುಳ್ಳು ವಧು-ವರರ ಹಾಳೆಗಳನ್ನು ವಿಜಯಾ ತಾನೇ ಹೊಡೆದು ಗುಂಡಿ ಒತ್ತಿದಳು. ಫೈಲುಗಳು ಪಟಪಟ ಬಿದ್ದವು. ನಾನು ಚಪ್ಪಾಳೆ ತಟ್ಟಿದೆ.

ಮರುವಾರ ಕಮಿಟಿಯ ಎದುರು, ಕುಸುಮಾಬಾಯಿ ಹೊಡೆದಿಟ್ಟ ನಿಜದ ಹಾಳೆಗಳ ಮೇಲೆ ಅದೇ ಗುಂಡಿ ಒತ್ತಿದಳು. ಮೊದಲನೇ ಹಾಳೆಗೇ ಡಬ್ಬಿ ಬಂತು. ಫೈಲಿನ ಹೆಸರು ಸರಿಯಿಲ್ಲ ಎಂದಿತು. ಒಳಗೆ ಹೋಗಿ ನೋಡಿದರೆ ಅವಳ ಕೋಡಿನ ಒಂದು ಸಾಲಿಗೆ ಹಳದಿ ಬಣ್ಣ ಬಳಿದು ಮಷೀನು ನಿಂತಿತ್ತು.

"ಅರಿಷಿಣ ಹಚ್ಚಿ ಕುಂಡ್ರಿಸೇದ ನೋಡ್ರಿ" ಎಂದರು ಯಾರೋ. ಎಲ್ಲರೂ ನಕ್ಕರು, ವಿಜಯಾ ಒಬ್ಬಳನ್ನು ಬಿಟ್ಟು.

ಅವಳು ಸುಳ್ಳು ಹಾಳೆಗಳ ಮೇಲೆ ಒತ್ತಿ ತೋರಿಸಿದಳು. ಸರಾಗ ಹೋಯಿತು. ನಿಜದ ಹಾಳೆಗೆ ಬಂದಳು. ನಿಂತಿತು. ಮತ್ತೆ ಸುಳ್ಳಿಗೆ ಹೋದಳು, ಹೋಯಿತು. ನಿಜಕ್ಕೆ ಬಂದಳು, ಅರಿಶಿನ.

ಕುಸುಮಾಬಾಯಿ ಸೆರಗು ಸರಿಮಾಡಿಕೊಂಡು, ಯಾರನ್ನೂ ನೋಡದೆ ಹೇಳಿದರು: "ಸುಳ್ಳ ವರ ಬಂದ್ರ ಬರೀತದ. ಖರೇ ವರ ಬಂದ್ರ ನಿಂದರ್ತದ. ಮಷೀನಿಗೂ ತಿಳೀತದರಿ ಯಾರ ಕೈ ಎಂಥಾದ್ದು ಅಂತ."

ರಾಘಣ್ಣ ಒಳ್ಳೆಯವರು, ಆದರೆ ಒಳ್ಳೆಯವರು ಹೆದರುವುದು ಜಾಸ್ತಿ. "ನಾಗರ ಪಂಚಮಿ ತನಕ ನೋಡೂಣು ವಿಜಯಾಬಾಯಿ. ಆಗಲಿಲ್ಲಂದ್ರ ಮೊದಲಿನಂಗ ಕೈಲೆ ಬರದು ಕೊಡೂಣು. ಆಮ್ಯಾಲೆ ನಿಮಗೂ ತ್ರಾಸ ಬ್ಯಾಡ" ಎಂದರು.

ಆ ಆಷಾಢದ ಉಳಿದ ದಿನಗಳು ನನಗೆ ಒಂದೇ ದಿನದಂತೆ ನೆನಪಿವೆ. ಬೆಳಿಗ್ಗೆಯಿಂದ ಕಿಟಕಿಯ ಸರಳಿಗೆ ನೀರಿನ ಹನಿ ಜೋತಿರುತ್ತಿತ್ತು. ಕೆಳಗಿನಿಂದ ಸಾಂಬಾರಿನ ಹಬೆ ಬರುತ್ತಿತ್ತು. ಬಸ್‌ಸ್ಟ್ಯಾಂಡಿನ ಕಡೆಯಿಂದ "ಪುಢೇ ಚಲಾ, ಪುಢೇ ಚಲಾ" ಎಂದು ಮಂದಿಯನ್ನು ಮುಂದೆ ದೂಡುವ ಕಂಡಕ್ಟರುಗಳ ಕೂಗು. ಸೋರುವ ಮೂಲೆಯಲ್ಲಿ ಒಂದು ಬಕೆಟ್ಟು. ನಾನು ಓದುತ್ತಿದ್ದೆ: "ವಧುವಿನ ಬಗ್ಗೆ ಅಪೇಕ್ಷೆ: ಗೋಧಿವರ್ಣ, ನೌಕರಿ ಇರಬೇಕು, ರೊಟ್ಟಿ ಬಡಿಯಲು ಬರಬೇಕು, ವಾದಿಸಬಾರದು." ಕುಸುಮಾಬಾಯಿ ಹೊಡೆಯುತ್ತಿದ್ದರು. ಅವರು ಊಟಕ್ಕೆ ಎದ್ದಾಗ ವಿಜಯಾ ಕೂರುತ್ತಿದ್ದಳು. ಒಂದು ಸಲಕ್ಕೆ ಒಂದೇ ಬದಲಾವಣೆ, ಗುಂಡಿ ಒತ್ತುವುದು, ನೋಡುವುದು. ಹೆಸರಿನ ಹಿಂದಿನ "ಚಿ." ಮತ್ತು ಅದರ ಚುಕ್ಕಿ ತೆಗೆದು ನೋಡಿದಳು. ಅರಿಶಿನ. ಉದ್ದ ಹೆಸರನ್ನು ಗಿಡ್ಡ ಮಾಡಿದಳು. ಅರಿಶಿನ. ಫೈಲು ಇಡುವ ಜಾಗ ಬದಲಿಸಿದಳು. ಶೆಟ್ಟರಿಗೆ ಮಷೀನು ಮಾರಿದವನಿಗೆ ಫೋನು ಮಾಡಿದರೆ "ಮ್ಯಾಡಮ್, ಮಶಿನ್ ಎಕದಮ ಬರೋಬರ ಆಹೆ" ಎಂದು, ಎಲ್ಲ ಸರಿಯಿದೆಯೆಂದೇ ಸಾಧಿಸಿ ಇಟ್ಟುಬಿಟ್ಟ.

ಒಂದು ಮಧ್ಯಾಹ್ನ ಇಬ್ಬರೇ ಇದ್ದಾಗ ಕೇಳಿದೆ, "ಕೆಲಸ ಆಗಲಿಲ್ಲಂದ್ರ ಏನು ಮಾಡ್ತೀ?"

"ಗದಗಕ್ಕ ಹೋಗೂದ್ರಿ. ಅಣ್ಣನ ಮನಿ ಅದ."

"ಏನರೆ ಅಂತಾರೇನು ಅಲ್ಲೆ?"

"ಅಣ್ಣ ಏನೂ ಅನ್ನೂದಿಲ್ಲ. ಅವನ ಹೇಣ್ತಿನೂ ಏನೂ ಅನ್ನೂದಿಲ್ಲ." ಬಕೆಟ್ಟಿಗೆ ಟಪ್ಪೆಂದು ಹನಿ ಬಿತ್ತು. "ಅದs ತ್ರಾಸು ಕಾಕು. ಯಾರೂ ಏನೂ ಅನ್ನದ ಮನ್ಯಾಗ ಎಷ್ಟು ವರ್ಷ ಪಾತ್ರಿ ತಿಕ್ಕೂದು ಹೇಳ್ರಿ?"

ನನಗೆ ಕೋಪ ಬಂದರೆ ಅಳು ಬರುವುದಿಲ್ಲ, ಚೇಷ್ಟೆ ಬರುತ್ತದೆ. ಅಂದು ಮನೆಗೆ ಹೋಗಿ ಕೇಂದ್ರದ ಖಾಲಿ ಫಾರ್ಮೊಂದನ್ನು ತುಂಬಿದೆ. ವರನ ಹೆಸರು: ವೆಂಕಟರಮಣ. ವಯಸ್ಸು ಅರ್ಧ ಕಡಿಮೆ ಮಾಡಿದೆ. ಸ್ವಭಾವ: ಶಾಂತ. ಹವ್ಯಾಸ: ವಾಚನ, ವಿಶ್ರಾಂತಿ. ಅಪೇಕ್ಷೆ: ಏನೂ ಇಲ್ಲ. ಆ ವಿಶ್ರಾಂತಿಯ ಮನುಷ್ಯ ಪಕ್ಕದಲ್ಲೇ ಆರಾಮಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಮರುದಿನ ಉಳಿದ ಫಾರ್ಮುಗಳ ನಡುವೆ ತುರುಕಿ, ಗಂಭೀರವಾಗಿ ಓದಿದೆ. ಯಾರ ಕೈ ಎಂಥದ್ದೆಂದು ಮಷೀನಿಗೆ ತಿಳಿಯುವುದಾದರೆ ಯಾರು ಮದುವೆಯಾದ ಗಂಡಸೆಂದೂ ತಿಳಿಯಲಿ, ನೋಡೋಣ ಎಂದು.

ಕುಸುಮಾಬಾಯಿ ಭಕ್ತಿಯಿಂದ ಎಲ್ಲವನ್ನೂ ಹೊಡೆದರು. ಕೊನೆಗೆ ಕನ್ನಡಕ ತೆಗೆದು, "ಛಲೋ ಸಂಬಂಧ ಅದರಿ ಇಂದಿರಾಬಾಯಿ. ಅಪೇಕ್ಷಾ ಏನೂ ಇಲ್ಲಂತ! ಇಂಥಾವ್ರು ಎಲ್ಲೆ ಸಿಗ್ತಾರ ಈಗ? ನನ್ನ ತಂಗಿ ಮಗಳಿಗೆ ಕೇಳಬೇಕು" ಎಂದರು.

"ಕೇಳ್ರಿ, ಕೇಳ್ರಿ" ಎಂದೆ. "ನನಗ ಪರಿಚಯ ಅದ ಅವರದು. ಊಟದ್ದs ಸ್ವಲ್ಪ ಹಟ."

ಅವರು ಊಟಕ್ಕೆ ಹೋದ ಮೇಲೆ ವಿಜಯಾಳಿಗೆ ಹೇಳಿದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು, ಒಮ್ಮೆಲೇ ನಿಲ್ಲಿಸಿದಳು.

"ಕಾಕು, ಇವರು ಆಗಲೇ ಒಮ್ಮೆ ಪಾಸ್ ಆಗ್ಯಾರ."

"ಯಾರು?"

"ಬಾಳಕಾಕಾ. ನನ್ನ ಸುಳ್ಳು ಹಾಳಿಯೊಳಗ ಇದs ಹೆಸರು."

ತನ್ನ ಹಾಳೆಯ ವೆಂಕಟರಮಣನ ಮೇಲೆ ಗುಂಡಿ ಒತ್ತಿದಳು. ಫೈಲು ಬಿತ್ತು. ಕುಸುಮಾಬಾಯಿ ಹೊಡೆದ ವೆಂಕಟರಮಣನ ಮೇಲೆ ಒತ್ತಿದಳು. ಅರಿಶಿನ. ಒಬ್ಬನೇ ಗಂಡಸು, ಒಂದೇ ಹೆಸರು, ಒತ್ತಿದ್ದೂ ಒಂದೇ ಕೈ.

"ಹಂಗಾರ ಖರೇ-ಸುಳ್ಳಿನ ಮಾತಲ್ಲ ಇದು" ಎಂದು ನಿಧಾನವಾಗಿ ಹೇಳಿ, ಎರಡು ಹಾಳೆಗಳನ್ನೂ ಪರದೆಯಲ್ಲಿ ಅಕ್ಕಪಕ್ಕ ನಿಲ್ಲಿಸಿದಳು. "ಓದ್ರಿ ಕಾಕು. ಮೊದಲು ನಂದು, ಆಮ್ಯಾಲೆ ಅವರದು."

ಓದಿದೆ. "ವೆಂಕಟರಮಣ. ಜನ್ಮಸ್ಥಳ ಧಾರವಾಡ." ಇನ್ನೊಂದು. "ವೆಂಕಟರಮಣ. ಜನ್ಮಸ್ಥಳ ಧಾರವಾಡ."

"ಮ್ಯಾಲಿಂದ ಓದ್ರಿ."

"ಮ್ಯಾಲಿಂದs ಓದೇನಲ್ಲವಾ."

ಅವಳು ಪರದೆಯ ಮೇಲಿನ ತುದಿಗೆ ಬೆರಳಿಟ್ಟಳು. ಕುಸುಮಾಬಾಯಿಯ ಹಾಳೆಯಲ್ಲಿ, ಹೆಸರಿನ ಮೇಲಿನ ಸಾಲಿನಲ್ಲಿ, ಎರಡು ನಿಂತ ಗೆರೆ, ನಡುವೆ ಶ್ರೀ, ಮತ್ತೆ ಎರಡು ನಿಂತ ಗೆರೆ.

ಪ್ರತಿ ಹಾಳೆಯಲ್ಲೂ ಅದು ಇತ್ತು. ದಿನವೂ ಇತ್ತು. ನಾನೂ ನೋಡಿರಲಿಲ್ಲ, ಅವಳೂ ನೋಡಿರಲಿಲ್ಲ. ನಾವು ಹುಟ್ಟಿದಾಗಿನಿಂದ ಕಿರಾಣಿ ಚೀಟಿಯಿಂದ ಜಾತಕದವರೆಗೆ ಎಲ್ಲದರ ತಲೆಯ ಮೇಲೂ ಶ್ರೀಕಾರ ಕಂಡವರು. ನಮ್ಮ ಕಣ್ಣು ಓದಲು ಶುರು ಮಾಡುವುದೇ ಅದರ ಕೆಳಗಿನಿಂದ. ಸುಳ್ಳು ವಧು-ವರರಿಗೆ ವಿಜಯಾ ಶ್ರೀಕಾರ ಹಾಕಿರಲಿಲ್ಲ. ಆಟದ ಮದುವೆಗೆ ಯಾರು ಶ್ರೀಕಾರ ಹಾಕುತ್ತಾರೆ? ಮಷೀನಿಗೆ ಮಾತ್ರ ಈ ಸಂಸ್ಕಾರವಿಲ್ಲ. ಮೊದಲ ಸಾಲಿನಲ್ಲಿ ಏನಿದೆಯೋ ಅದೇ ವರನ ಹೆಸರೆಂದು ತಿಳಿಯುತ್ತಿತ್ತು.

ವಿಜಯಾ ಹಳದಿ ಸಾಲಿನ ಮೇಲೆ ಮೌಸ್ ಒಯ್ದು ನಿಲ್ಲಿಸಿದಳು. ಸಣ್ಣದೊಂದು ಚೀಟಿ ತೇಲಿ ಬಂತು. ಬರೆಯಲು ಹೊರಟಿದ್ದ ಫೈಲಿನ ಹೆಸರು ಅದರಲ್ಲಿತ್ತು: ನಿಂತ ಗೆರೆ, ಶ್ರೀ, ನಿಂತ ಗೆರೆ. ಆ ಗೆರೆಗಳನ್ನು ಮಷೀನು ತನ್ನ ಬೇರೆ ಕೆಲಸಕ್ಕೆ ಇಟ್ಟುಕೊಂಡಿದೆಯಂತೆ, ಫೈಲಿನ ಹೆಸರಿನಲ್ಲಿ ನಡೆಯುವುದಿಲ್ಲವಂತೆ. ಗೆರೆ ಅಳಿಸಿ ನೋಡಿದಳು. ಡಬ್ಬಿ ಬರಲಿಲ್ಲ, ಆದರೆ ಎಲ್ಲ ವರರೂ ಶ್ರೀ ಎಂಬ ಒಂದೇ ಹೆಸರಿನವರಾಗಿ, ಒಬ್ಬರ ಫೈಲಿನ ಮೇಲೆ ಇನ್ನೊಬ್ಬರು ಬಿದ್ದು, ಕೊನೆಗೆ ಒಬ್ಬನೇ ಉಳಿದ. ಉಳಿದವರು ಕೊನೆಯ ಹಾಳೆಯ ನಮ್ಮವರು. ಎಲ್ಲ ಕಡೆ ಹೀಗೆಯೇ, ಏನೂ ಮಾಡದೆ ಉಳಿಯುತ್ತಾರೆ.

"ನಡಿ ಕೆಳಗ" ಎಂದೆ, ಚಪ್ಪಲಿ ಮೆಟ್ಟುತ್ತ. "ಕುಸುಮಾಬಾಯಿ ಊಟ ಮಾಡ್ಲಿಕತ್ತಾರ. ಎಲ್ಲಾರ ಮುಂದ ಹೇಳ್ತೀನಿ. ನಿಮ್ಮ ಶ್ರೀಕಾರನs ಅಡ್ಡ ನಿಂತಿತ್ತು, ಈ ಹುಡುಗಿ ಕೈ ಅಲ್ಲ ಅಂತ."

ವಿಜಯಾ ನನ್ನ ಸೆರಗು ಹಿಡಿದಳು. "ಬ್ಯಾಡ್ರಿ."

"ಯಾಕ ಬ್ಯಾಡ? ನಿನಗ ಅಂದಿದ್ದು ಮರತಿಯೇನು?"

"ಮರತಿಲ್ರಿ. ಆದ್ರ ನೀವು ಹಂಗಂದ್ರ ನಾಳೆ ಏನಂತಾರ? ವಿಜಯಾ ಬಂದು ಶ್ರೀಕಾರ ತಗಸಿದ್ಲು ಅಂತಾರ. ಇಲ್ಲಾ, ದೇವರನ್ನ ಒಲ್ಲದ ಮಷೀನು ಅಂತ ಅದನ್ನs ಶೆಟ್ಟರಿಗೆ ಹೊಳ್ಳಿ ಕೊಡ್ತಾರ. ನಾನು ಗೆದ್ದಂಗ ಆಗ್ತದ, ಕೆಲಸ ಹೋಗ್ತದ." ಮತ್ತೆ ಪರದೆಯ ಕಡೆ ತಿರುಗಿದಳು. "ಅವರು ಹೊಡದ ಹಾಳಿ ಹೆಂಗದನೋ ಹಂಗs ಇರ್ಲಿ. ತಿದ್ದೂದು ನನ್ನ ಕೋಡು."

ಆ ಮಾತು ನನಗೆ ಆಗ ಸೇರಲಿಲ್ಲ. ಜಗಳದ ಸುಖ ಕೈತಪ್ಪಿತಲ್ಲ ಎಂದು ಎರಡು ದಿನ ಮುಖ ಊದಿಸಿಕೊಂಡೇ ಇದ್ದೆ. ಅವಳು ಮಾಡಿದ್ದಿಷ್ಟು: ಹೆಸರನ್ನು ಎರಡನೇ ಸಾಲಿನಿಂದ ಓದು ಎಂದು ಬರೆದಳು. ತನ್ನ ಸುಳ್ಳು ಹಾಳೆಗಳಿಗೂ ಶ್ರೀಕಾರ ಹಾಕಿದಳು. "ಕಾಕಾನ್ನ ತಗದುಬಿಡ್ಲೇನ್ರಿ?" ಎಂದು ಕೇಳಿದಳು. "ಇರ್ಲಿ ಬಿಡು, ಯಾರರೆ ಒಪ್ಪಿದ್ರ ಕೊಟ್ಟುಬಿಡೂಣು" ಎಂದೆ. ಅವಳು ನಗುತ್ತಲೇ ಅಳಿಸಿದಳು.

ಪಂಚಮಿಯ ಹಿಂದಿನ ದಿನ ಕಮಿಟಿ ಸೇರಿತು. ಕುಸುಮಾಬಾಯಿ ಡಬ್ಬಿ ತುಂಬ ಶೇಂಗಾ ಉಂಡಿ ತಂದಿದ್ದರು. ಮಳೆ ಸ್ವಲ್ಪ ಬಿಟ್ಟು, ಕಿಟಕಿಯಲ್ಲಿ ತೊಳೆದಂಥ ಬಿಸಿಲು. ವಿಜಯಾ ಒಂದು ಸಲ ಕೈಯನ್ನು ಸೀರೆಗೆ ಒರೆಸಿಕೊಂಡು ಗುಂಡಿ ಒತ್ತಿದಳು.

ಪರದೆ ಮಿಣುಕಿತು. ಒಂದು ಹೆಸರು ಇಳಿಯಿತು. ಅದರ ಕೆಳಗೆ ಇನ್ನೊಂದು. ಆಮೇಲೆ ಪಂಕ್ತಿಗೆ ಎಲೆ ಹಾಕಿದಂತೆ ಸಾಲಾಗಿ ಇಳಿಯುತ್ತ ಹೋದವು, ಎಲ್ಲರೂ ಕುರ್ಚಿ ಬಿಟ್ಟು ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತು ನೋಡುವವರೆಗೆ.

"ಏನಾಗಿತ್ತಂತ?" ಕುಸುಮಾಬಾಯಿ ಕೇಳಿದರು.

ವಿಜಯಾ ತಿರುಗಿ ಅವರ ಮುಖವನ್ನೇ ನೋಡಿ ಹೇಳಿದಳು: "ತಪ್ಪು ನಂದs ಇತ್ರಿ. ಮೊದಲನೇ ಸಾಲು ದೇವರಿಗೆ ಬಿಟ್ಟಿರ್ಲಿಲ್ಲ. ಈಗ ಬಿಟ್ಟೀನಿ."

ಒಂದು ಅಕ್ಷರವೂ ಸುಳ್ಳಲ್ಲ. ಕುಸುಮಾಬಾಯಿಯ ಮುಖ ಅರಳಿತು. "ಮತ್ತ! ನಾ ಹೇಳಿದ್ದೇನು? ದೇವರದು ಮೊದಲು, ಮನಶ್ಯಾರದು ಆಮ್ಯಾಲೆ" ಎಂದು ಎಲ್ಲರ ಕಡೆ ನೋಡಿದರು. ನನ್ನ ನಾಲಿಗೆ ಎಷ್ಟು ತುರಿಸಿತೆಂದರೆ ಇಡೀ ಉಂಡಿಯೊಂದನ್ನು ಒಮ್ಮೆಗೇ ಬಾಯಿಗೆ ಹಾಕಿಕೊಂಡುಬಿಟ್ಟೆ. ಅದು ಕರಗುವವರೆಗೆ ಮಾತಾಡುವ ಹಾಗಿರಲಿಲ್ಲ.

ರಾಘಣ್ಣ, "ಪಂಚಮಿ ಮುಗಿಸಿ ಬರ್ರಿ ವಿಜಯಾಬಾಯಿ. ಇನ್ನ ನೀವs ನೋಡ್ಕೊಳ್ರಿ ಇದನ್ನೆಲ್ಲಾ" ಎಂದು ಎಲ್ಲರನ್ನೂ ಕರೆದುಕೊಂಡು ಶೆಟ್ಟರಲ್ಲಿ ಕಾಫಿಗೆ ಇಳಿದರು.

ಕುಸುಮಾಬಾಯಿ ಇಳಿಯಲಿಲ್ಲ. ಖಾಲಿ ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಆಮೇಲೆ ಪರ್ಸಿನಿಂದ ಮಡಿಸಿದ ಒಂದು ಫಾರ್ಮು ತೆಗೆದು ಮೇಜಿನ ಮೇಲಿಟ್ಟು, ಅಂಗೈಯಿಂದ ಅದರ ಮಡಿಕೆ ತೀಡಿದರು. ಅವರ ಮಗಳದು. ಊರ ಮಕ್ಕಳನ್ನೆಲ್ಲ ಹೊಡೆದು ಮುಗಿಸಿದ್ದರೂ ತಮ್ಮ ಮಗಳನ್ನು ಆ ಮಷೀನಿಗೆ ಕೊಟ್ಟಿರಲಿಲ್ಲ.

ನಾನು ರೂಢಿಯಂತೆ ಓದಲು ಸ್ಟೂಲು ಎಳೆದೆ.

"ನೀವು ಇರ್ರಿ ಇಂದಿರಾಬಾಯಿ. ನಾನs ಹೇಳ್ತೀನಿ" ಎಂದರು. ಆಮೇಲೆ ವಿಜಯಾಳಿಗೆ, ಮೊದಲ ಸಲ ರೀ ಬಿಟ್ಟು: "ಇದನ್ನ ನೀನs ಹೊಡಿಯವಾ. ನಾ ತಾಯಿ, ನಾ ಹೊಡದ್ರ ಇದ್ದದ್ದಕ್ಕಿಂತ ಜಾಸ್ತಿ ಬರೀತೀನಿ."

ವಿಜಯಾ ಹೊಸ ಹಾಳೆ ತೆರೆದಳು. ಮೊದಲ ಸಾಲಿನಲ್ಲಿ ಹೊಡೆಯಬೇಕಾದ್ದನ್ನು ಹೊಡೆದು ಎರಡನೆಯದಕ್ಕೆ ಇಳಿದು, "ಹೆಸರು ಹೇಳ್ರಿ" ಎಂದಳು. ಕುಸುಮಾಬಾಯಿ ಅವಳ ಭುಜಕ್ಕೆ ಕೈಯೂರಿ, ಪರದೆಯತ್ತ ಬಾಗಿ, ಮಗಳ ಹೆಸರು ಹೇಳಿದರು.